ನಮ್ಮ ಹಿತ್ತಲಿನ ಗೊರಟೆ

ಗೊರಟೆ ನೋಡಿ ಯಾವ ಮರದ ಹಣ್ಣು ಎಂದು ಹೇಳುವ ಮನೆತನ ನಮ್ಮದು. ಶ್ರೀನಿವಾಸಪುರದಲ್ಲಿ ಇದೇನೂ ದೊಡ್ಡ ವಿದ್ಯೆಯಲ್ಲ, ಆದರೂ ನನಗೆ ಅದರ ಬಗ್ಗೆ ಜಂಬವಿತ್ತು. ಹಿತ್ತಲಿನ ರಸಪುರಿ ಮರದ ಗೊರಟೆಯನ್ನಂತೂ ಕತ್ತಲಲ್ಲಿ ಕೈಗೆ ಕೊಟ್ಟರೂ ಗುರುತು ಹಿಡಿಯುತ್ತಿದ್ದೆ. ಒಂದು ಮಗ್ಗುಲು ಚಪ್ಪಟೆ, ತುದಿ ಗಿಳಿಮೂಗಿನ ಹಾಗೆ ಬಾಗಿರುತ್ತದೆ.

ಆ ವರ್ಷ ಮರ ಕಾಯಿ ಬಿಟ್ಟಿದ್ದೇ ಕಡಿಮೆ. ತುದಿಕೊಂಬೆಯಲ್ಲಿ ಕೈಗೆಟುಕದ ನಾಲ್ಕಾರನ್ನು ಬಿಟ್ಟು ಉಳಿದದ್ದನ್ನೆಲ್ಲ ಅಮ್ಮ ಅಟ್ಟದ ಮೇಲೆ ಹುಲ್ಲಿನಲ್ಲಿ ಹಣ್ಣಿಗೆ ಹಾಕಿದ್ದಳು. ಬಸುರಿ ಅಕ್ಕ ತವರಿಗೆ ಬರುವವಳಿದ್ದಳು. ಫೋನು ಮಾಡಿದಾಗೆಲ್ಲ ಆ ಹಣ್ಣಿನದೇ ಮಾತು. ಅವಳು ಬಂದ ದಿನ ಅಟ್ಟ ಹತ್ತಿ ನೋಡಿದರೆ ಹುಲ್ಲು ಕೆದರಿತ್ತು, ಒಂದು ಹಣ್ಣೂ ಇರಲಿಲ್ಲ. "ಹೋಗ್ಲಿ ಬಿಡೋ" ಎಂದಳು ಅಕ್ಕ, ಆದರೆ ಕಣ್ಣು ತುಂಬಿ ಬಂತು. ನನಗೆ ಮೈಯೆಲ್ಲ ಉರಿಯಿತು.

ಆ ರಾತ್ರಿ ನಾವು ಮೂವರು ಗೆಳೆಯರು ಎಂದಿನಂತೆ ಒಬ್ಬನ ಮನೆಯ ಮಹಡಿ ಮೇಲೆ ಸೇರಿದ್ದೆವು. ಅವನ ಮನೆ ನಮ್ಮ ಹಿತ್ತಲಿಗೆ ಅಂಟಿಕೊಂಡೇ ಇದೆ. ಕೈ ತೊಳೆಯಲು ನೀರಿನ ಟ್ಯಾಂಕಿನ ಹತ್ತಿರ ಹೋದಾಗ ಕಾಲಿಗೆ ಗೊರಟೆ ಸಿಕ್ಕಿತು. ಮೊಬೈಲ್ ಬೆಳಕಿನಲ್ಲಿ ನೋಡಿದೆ. ಚಪ್ಪಟೆ ಮಗ್ಗುಲು, ಬಾಗಿದ ತುದಿ. ಅಲ್ಲೇ ಇನ್ನೂ ಐದಾರು ಬಿದ್ದಿದ್ದವು. ಅಮ್ಮನಿಗೆ ಅಟ್ಟಕ್ಕೆ ಹುಲ್ಲು ಎತ್ತಿಕೊಟ್ಟವನೂ ಈ ಗೆಳೆಯನೇ. ಒಂದು ಗೊರಟೆಯನ್ನು ಜೇಬಿಗೆ ಹಾಕಿಕೊಂಡೆ, ಅವನನ್ನು ಏನೂ ಕೇಳಲಿಲ್ಲ. ನನಗೆ ಬೇಕಾಗಿದ್ದದ್ದು ಅವನ ಉತ್ತರವಲ್ಲ.

ಅವನು ಪ್ರತಿ ಸೀಸನ್ನಿಗೂ ನಮ್ಮ ಚಿಕ್ಕಪ್ಪನ ಮಾವಿನ ಮಂಡಿಯಲ್ಲಿ ಹಣ್ಣು ವಿಂಗಡಿಸುವ ಕೆಲಸಕ್ಕೆ ಹೋಗುತ್ತಿದ್ದ. ಮಾರನೆಯ ಬೆಳಿಗ್ಗೆ ಚಿಕ್ಕಪ್ಪನ ಕಿವಿಯಲ್ಲಿ "ಅವನ ಕೈ ಸರಿಯಿಲ್ಲ" ಎಂದೆ. ಸಂಜೆಗೆ ಅವನ ಕೆಲಸ ಹೋಯಿತು. ಮಂಡಿ ಸಾಲಿನಲ್ಲಿ ಮಾತು ಹಬ್ಬುವುದಕ್ಕೆ ಎಷ್ಟು ಹೊತ್ತು? ಉಳಿದ ಮಂಡಿಯವರೂ ಅವನನ್ನು ಬಾಗಿಲಿನಿಂದಲೇ ವಾಪಸು ಕಳಿಸಿದರು. ಸುಳ್ಳೇಕೆ ಹೇಳಲಿ, ನನಗೆ ಹೊಟ್ಟೆ ತಣ್ಣಗಾಯಿತು.

ಅವನು ಜಗಳಕ್ಕೆ ಬರಲಿಲ್ಲ. "ಬರ್ರೋ, ಮಹಡಿ ಮೇಲೆ ಗಾಳಿ ಚೆನ್ನಾಗೈತೆ" ಎಂದು ದಿನಾ ರಾತ್ರಿ ಕರೆಯುತ್ತಿದ್ದ. ಬೋಂಡ ತರಿಸುತ್ತಿದ್ದ. ನನ್ನ ಕುರ್ಚಿಯನ್ನು ಮಾತ್ರ ಯಾವಾಗಲೂ ಟ್ಯಾಂಕಿಗೆ ಎದುರಾಗಿ ಹಾಕುತ್ತಿದ್ದ. ಇವನಿಗೆ ನಾಚಿಕೆಯೇ ಇಲ್ಲವಲ್ಲ ಎಂದುಕೊಳ್ಳುತ್ತ ಬೋಂಡ ತಿನ್ನುತ್ತಿದ್ದೆ.

ಐದನೆಯ ರಾತ್ರಿಯೋ ಆರನೆಯದೋ, ಅವನು ಥಟ್ಟನೆ ನನ್ನ ಮೊಣಕಾಲು ಒತ್ತಿದ. "ಶ್! ಅಲ್ನೋಡು." ನಮ್ಮ ಮರದಿಂದ ಏನೋ ಕಪ್ಪಗೆ ಇಳಿದು, ಗೋಡೆಯ ಮೇಲೆ ನಡೆದು, ಟ್ಯಾಂಕು ಹತ್ತಿತು. ಉದ್ದ ಬಾಲ, ಚೂಪು ಮೂತಿ. ಪುನುಗು ಬೆಕ್ಕು. ಬಾಯಲ್ಲಿ ನಮ್ಮ ಹಣ್ಣು. ನಮ್ಮನ್ನು ಕ್ಯಾರೇ ಅನ್ನದೆ ಮುಂಗಾಲಲ್ಲಿ ಒತ್ತಿ ಹಿಡಿದು ತಿಂದು, ಗೊರಟೆಯನ್ನು ಕೆಳಕ್ಕೆ ಉರುಳಿಸಿತು.

ಇಟ್ಟಿಗೆ ಚೂರೊಂದನ್ನು ಎತ್ತಿಕೊಂಡೆ. ಗೆಳೆಯ ನನ್ನ ಮುಂಗೈ ಹಿಡಿದ.

"ಹೊಡೀಬೇಡ. ಅದು ನನ್ ಸಾಕ್ಷಿ. ನಿಮ್ ಅಟ್ಟದ ಹೆಂಚಿನ ಸಂದೀಲಿ ನುಗ್ಗೋದೂ ಇದೇನೇ."

"ನಿಂಗೆ ಮೊದ್ಲೇ ಗೊತ್ತಿತ್ತಾ?"

"ನೀನು ಗೊರಟೆ ಜೇಬಿಗಾಕ್ಕೊಂಡಿದ್ದು ನೋಡ್ದೆ ಕಣೋ. ಮಾರ್ನೇ ದಿನ ಕೆಲ್ಸ ಹೋಯ್ತು. ಏಮ್ರಾ, ಬಾಯಲ್ಲಿ ಹೇಳಿದ್ರೆ ನಂಬ್ತಿದ್ಯಾ?"

ನಂಬುತ್ತಿರಲಿಲ್ಲ. ಅಷ್ಟೂ ರಾತ್ರಿಗಳು ಅವನು ಬೋಂಡ ತಿನ್ನಿಸಿ ನನ್ನನ್ನು ಕಾಯಿಸಿದ್ದು ಇದಕ್ಕೇ. ಇನ್ನೊಬ್ಬ ಗೆಳೆಯ ತಲೆ ತಗ್ಗಿಸಿ ಕೂತಿದ್ದ. ನನಗೆ ಎದ್ದು ಓಡಿಹೋಗಬೇಕೆನಿಸಿತು.

"ನಾಳೆ ಮಂಡಿ ಸಾಲಿಗೆ ಬಾ" ಎಂದ ಅವನು. "ಯಾವ್ ಬಾಗ್ಲಲ್ಲಿ ನನ್ನ ವಾಪಸ್ ಕಳಿಸಿದ್ರೋ, ಅದೇ ಬಾಗ್ಲಲ್ಲಿ ನಿಂತು ಹೇಳ್ತೀಯ."

ಹೋದೆ. ಚಿಕ್ಕಪ್ಪನ ಮಂಡಿಯಿಂದ ಶುರು ಮಾಡಿ, ಹಮಾಲಿಗಳು, ಲಾರಿಯವರು, ತೋಟದವರು ಎಲ್ಲರ ಎದುರಿಗೆ ನಿಂತು, "ಇವನು ಕಳ್ಳನಲ್ಲ, ನಾನೇ ಸುಮ್ಮನೆ ಚಾಡಿ ಹೇಳಿದ್ದು" ಎಂದೆ. ಅವನು ಪಕ್ಕದಲ್ಲಿ ಕೈಕಟ್ಟಿ ನಿಂತು, ನನ್ನ ಮುಖ ನೋಡದೆ, ಪ್ರತಿ ಬಾಗಿಲಲ್ಲೂ ಒಂದೇ ಮಾತು ಹೇಳಿದ: "ಜೋರಾಗಿ ಹೇಳೋ. ಒಳಗಿರೋರಿಗೆ ಕೇಳಿಸ್ಲಿಲ್ಲ."