ಅಮ್ಮನ ಜಾಗದಲ್ಲಿ ಕೂತವರು

ಕಳೆದ ತಿಂಗಳು ಆಲೂರಿನ ಹತ್ತಿರ ಒಂದು ಮದುವೆಗೆ ಹೋಗಿದ್ದೆ. ಆರತಕ್ಷತೆಯ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಯಾರೋ ಎಲ್ಲಿಂದಲೋ ಹಳೇ ಹ್ಯಾಲೋಜನ್ ಲೈಟೊಂದನ್ನು ಹುಡುಕಿ ತಂದು ಜನರೇಟರಿಗೆ ಸಿಕ್ಕಿಸಿದರು. ಸ್ವಲ್ಪ ಹೊತ್ತಿಗೆ ಬಲ್ಬಿನ ಮೇಲಿನ ಧೂಳು ಸುಟ್ಟು, ಹಾರಿ ಬಂದ ಹುಳ ಸುಟ್ಟು, ಆ ವಾಸನೆ... ಊಟಕ್ಕೆ ಹೊರಟವಳು ಅಲ್ಲೇ ನಿಂತುಬಿಟ್ಟೆ. ಸ್ಟುಡಿಯೊ ಮಾವ ಎಲ್ಲೋ ಇಲ್ಲೇ ಇದ್ದಾರೆ ಅನ್ನಿಸಿತು.

ಅವರು ನಮಗೆ ಸಂಬಂಧಿಕರೇನೂ ಅಲ್ಲ. ಆಲೂರು ಬಸ್‌ಸ್ಟ್ಯಾಂಡಿನ ಎದುರು ಅವರದೊಂದು ಫೋಟೊ ಸ್ಟುಡಿಯೊ ಇತ್ತು. ಸುತ್ತಲ ಹಳ್ಳಿಗಳ ಮದುವೆ, ನಾಮಕರಣ, ಗೃಹಪ್ರವೇಶ ಎಲ್ಲಕ್ಕೂ ಅವರೇ. ಹೆಗಲ ಮೇಲೆ ವಿಡಿಯೊ ಕ್ಯಾಮೆರಾ, ಬಾಯಲ್ಲಿ ಎಲೆಅಡಿಕೆ, ಮುಖಕ್ಕಿಂತ ಮೊದಲು ಕಾಣುವ ಮೀಸೆ. ಮದುವೆ ಮನೆಯಲ್ಲಿ ಪುರೋಹಿತರಿಗಿಂತ ಇವರ ದರ್ಬಾರೇ ಜೋರು. ಇವರು ಹೂಂ ಅನ್ನುವವರೆಗೆ ಗಂಡು ತಾಳಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿರಬೇಕು.

ನಾನು ಹಾಸನದಲ್ಲಿ ಡಿಗ್ರಿ ಓದುತ್ತಿದ್ದಾಗ, ಎರಡು ಸಾವಿರದ ಆರೋ ಏಳೋ ಇರಬೇಕು, ಕಾಲೇಜಿನಲ್ಲಿ ಹತ್ತು ನಿಮಿಷದ ಕಿರುಚಿತ್ರ ಮಾಡಿಕೊಂಡು ಬನ್ನಿ ಅಂದರು. ಉಳಿದವರೆಲ್ಲ ಪರಿಸರ, ವರದಕ್ಷಿಣೆ ಅಂತ ಹೊರಟರು. ನನ್ನ ಹತ್ತಿರ ಇದ್ದದ್ದು ಒಂದೇ ಕಥೆ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಅಮ್ಮ ಜ್ವರ ಬಂದು ತೀರಿಕೊಂಡಳು. ಆ ಬೆಳಿಗ್ಗೆ ನನಗೆ ಏನೂ ಹೇಳದೆ, ಕೈಗೊಂದು ಬಿಸ್ಕತ್ತಿನ ಪೊಟ್ಟಣ ಕೊಟ್ಟು, ಅಪ್ಪ ಕೆಲಸ ಮಾಡುತ್ತಿದ್ದ ಎಸ್ಟೇಟಿನ ಜೀಪಿನಲ್ಲಿ ಕೂರಿಸಿ ವನಗೂರಿನ ಅತ್ತೆಯ ಮನೆಗೆ ಕಳಿಸಿಬಿಟ್ಟರು. ವಾಪಸು ಬರುವಷ್ಟರಲ್ಲಿ ಮನೆ ತೊಳೆದು ಸುಣ್ಣ ಹೊಡೆದಾಗಿತ್ತು. ಅಮ್ಮನ ಒಂದು ಸೀರೆಯೂ ಇರಲಿಲ್ಲ. ಮಗು ಹೆದರೀತು ಅಂತ ಹಾಗೆ ಮಾಡಿದರಂತೆ. ಕೆಟ್ಟ ಮನಸ್ಸಿನಿಂದ ಯಾರೂ ಮಾಡಲಿಲ್ಲ, ಅದು ನನಗೂ ಗೊತ್ತು. ಆದರೂ ಕೊನೆಯದಾಗಿ ಅಮ್ಮನ ಮುಖ ನೋಡಲಿಲ್ಲ ಅನ್ನುವುದು ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳಿನ ಹಾಗೆ ಉಳಿದುಹೋಯಿತು. ಸಿನಿಮಾದಲ್ಲಾದರೂ ಆ ಹುಡುಗಿ ಅಮ್ಮನನ್ನು ನೋಡಲಿ ಅನ್ನುವುದಷ್ಟೇ ನನ್ನ ಆಸೆ.

ಸ್ಟುಡಿಯೊ ಮಾವನನ್ನು ಕೇಳಿದೆ. ಆಷಾಢದಲ್ಲಿ ಮದುವೆಗಳಿರುವುದಿಲ್ಲ, ಕ್ಯಾಮೆರಾ ಸುಮ್ಮನೆ ಬೂಷ್ಟು ಹಿಡಿಯುತ್ತಿರುತ್ತದೆ, ಬರುತ್ತೇನೆ, ಕ್ಯಾಸೆಟ್ ಮಾತ್ರ ನೀನೇ ತಂದುಕೋ ಅಂದರು. ಆಷಾಢದಲ್ಲಿ ನಮ್ಮ ಕಡೆ ಶೀಟಿನ ಮೇಲೆ ಬೀಳುವ ಮಳೆಯ ಸದ್ದಿಗೆ ಪಕ್ಕದವರ ಮಾತೇ ಕೇಳುವುದಿಲ್ಲ. ಹಾಗಾಗಿ ನಮ್ಮ ಚಿತ್ರದಲ್ಲಿ ಮಾತೇ ಇರಲಿಲ್ಲ. ಕಾಲೇಜಿನಲ್ಲಿ ಅದನ್ನು ಕಲೆ ಅಂದುಕೊಂಡರು.

ಚಿತ್ರ ತೆಗೆದದ್ದು ನಮ್ಮ ಮನೆಯಲ್ಲೇ. ಅಪ್ಪ ಸಕಲೇಶಪುರದ ಈಚೆಗಿನ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಬೆಳಿಗ್ಗೆ ಆಳುಗಳ ಹಾಜರಿ ಹಾಕುವಾಗ ಎಷ್ಟು ಮಾತಾಡುತ್ತಿದ್ದರೋ ಅಷ್ಟೇ, ಮನೆಗೆ ಬಂದರೆ ಬಾಯಿಗೆ ಬೀಗ. ಅಮ್ಮನ ವಿಷಯವನ್ನಂತೂ ಅಷ್ಟು ವರ್ಷದಲ್ಲಿ ಒಮ್ಮೆಯೂ ಎತ್ತಿದವರಲ್ಲ. ಏನು ತೆಗೆಯುತ್ತಿದ್ದೇವೆ ಅಂತ ಹೇಳಿದಾಗ, ಮಾಡ್ಕೊ ಅಂದವರೇ ಕೊಡೆ ಹಿಡಿದು ಎಸ್ಟೇಟಿನ ಸ್ಟೋರಿನ ಕಡೆ ಹೋಗಿಬಿಟ್ಟರು.

ಹುಡುಗಿಯ ಪಾತ್ರಕ್ಕೆ ನಮ್ಮ ಚಿಕ್ಕಮ್ಮನ ಮಗಳು. ಬಾಗಿಲಲ್ಲಿ ಒಬ್ಬಳೇ ಕೂತು ಅಮ್ಮನ ದಾರಿ ಕಾಯುವ ದೃಶ್ಯ. ಮಗು ಪಾಪ ಚೆನ್ನಾಗಿಯೇ ಮುಖ ಸಪ್ಪಗೆ ಮಾಡಿಕೊಂಡಿತ್ತು. ಮಾವ ಕ್ಯಾಮೆರಾಕ್ಕೆ ಕಣ್ಣಿಟ್ಟವರೇ ರೂಢಿಯಂತೆ, "ಸ್ವಲ್ಪ ಸ್ಮೈಲ್ ಕೊಡು ಪುಟ್ಟಿ," ಅಂದುಬಿಟ್ಟರು. ಅವಳು ಹಲ್ಲೆಲ್ಲ ಬಿಟ್ಟು ನಕ್ಕಳು. ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಮಾವ ತಾವೇ ಕೆನ್ನೆಗೆ ಹೊಡೆದುಕೊಂಡು ಇನ್ನೊಮ್ಮೆ ಶುರುಮಾಡಿದರು.

ಸಾವಿನ ದೃಶ್ಯಕ್ಕೆ ನಾನು ಚಾಪೆ ಹಾಸಿ, ತಲೆದಿಂಬಿಟ್ಟು, ಬಿಳಿ ಬೆಡ್‌ಶೀಟ್ ತೆಗೆದಿರಿಸಿದ್ದೆ. ಅಮ್ಮ ಮಲಗಿರುತ್ತಾಳೆ, ಹುಡುಗಿ ಬಂದು ಮುಖದ ಮೇಲಿನ ಬಟ್ಟೆ ಸರಿಸುತ್ತಾಳೆ. ಮಾವ ಚಾಪೆಯನ್ನೇ ನೋಡುತ್ತ ನಿಂತರು. ಬಾಯಿಯ ಎಲೆಅಡಿಕೆಯನ್ನು ಹೊರಗೆ ಹೋಗಿ ಉಗಿದು ಬಂದರು.

"ನಮ್ಮೋರಲ್ಲಿ ಮಲಗ್ಸಲ್ಲ ಕಣವ್ವ. ಕೂರುಸ್ತಾರೆ."

ನನಗೆ ಗೊತ್ತಿರಲಿಲ್ಲ ಅಂತಲ್ಲ. ಸತ್ತವರಿಗೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸುವುದು, ಕೂರಿಸಿಯೇ ಮಣ್ಣು ಮಾಡುವುದು ನಮ್ಮವರ ಪದ್ಧತಿ. ಬೇರೆಯವರ ಮನೆಯಲ್ಲಾಗಿದ್ದರೆ ನಾನೂ ಹಾಗೇ ಬರೆಯುತ್ತಿದ್ದೆನೋ ಏನೋ. ಆದರೆ ನನ್ನ ಅಮ್ಮ ಮಾತ್ರ ಅಷ್ಟು ವರ್ಷವೂ ನನ್ನ ತಲೆಯೊಳಗೆ ಯಾವುದೋ ಸಿನಿಮಾದಲ್ಲಿ ನೋಡಿದ ಹಾಗೆ ಬಿಳಿ ಬಟ್ಟೆ ಹೊದ್ದು ಮಲಗಿದ್ದಳು. ನೋಡದೇ ಇದ್ದದ್ದಕ್ಕೆ ಮನಸ್ಸು ಸಿಕ್ಕಿದ ಚಿತ್ರ ತಂದು ಅಂಟಿಸಿಕೊಂಡಿತ್ತು.

ಆಗ ಮಾವ ಹೇಳಿದರು, ಅಮ್ಮ ತೀರಿಕೊಂಡ ದಿನ ಅವರು ನಮ್ಮ ಮನೆಯಲ್ಲಿದ್ದರಂತೆ. ಸತ್ತವರನ್ನು ಕೂರಿಸಿದ ಮೇಲೆ ಮನೆಯವರೆಲ್ಲ ಅಕ್ಕಪಕ್ಕ ನಿಂತು ಕಡೆಯ ಫೋಟೊ ತೆಗೆಸುತ್ತಿದ್ದ ಕಾಲ. ಯಾರೋ ಇವರಿಗೆ ಹೇಳಿಕಳಿಸಿದ್ದರು. ಹಾಗಾದರೆ ಆ ಫೋಟೊ ಎಲ್ಲಿ ಅಂತ ಕೇಳಿದೆ.

"ತಗೀಲಿಲ್ಲ ಮಗ. ಕ್ಯಾಮೆರಾ ಎತ್ತಿದ್ದೆ. ನಿಮ್ಮಪ್ಪ, ಮಗೂನೇ ಇಲ್ಲ, ಯಾವ ಫೋಟೊ ತಗೀತೀಯ ಅಂದ್ರು. ಕೆಳಗಿಳಿಸ್ಬುಟ್ಟೆ."

ಕೆಳಗಿಳಿಸಿ, ಅಲ್ಲೇ ಉಳಿದು, ಮಣ್ಣಿನ ಕೆಲಸ ಮುಗಿಸಿಯೇ ಹೋದರಂತೆ. ಅಮ್ಮ ಹೇಗಿದ್ದಳು ಅಂತ ಕೇಳಿದೆ. ಹಸಿರು ಸೀರೆ, ಹಣೆ ತುಂಬ ವಿಭೂತಿ. ತಲೆ ಮಾತ್ರ ಎಷ್ಟು ಸರಿಮಾಡಿದರೂ ಎಡಕ್ಕೆ ವಾಲುತ್ತಿತ್ತಂತೆ, ಯಾರೋ ಕರೆದದ್ದನ್ನು ಕಿವಿಗೊಟ್ಟು ಕೇಳುವ ಹಾಗೆ...

ಸರಿ, ಕೂರಿಸುವುದೇ ಅಂತಾಯಿತು. ಕೂರುವವರು ಯಾರು? ಆಳುಗಳ ಲೈನುಮನೆಯ ಹೆಂಗಸರು ಒಬ್ಬರೂ ಒಪ್ಪಲಿಲ್ಲ. ಬದುಕಿರುವಾಗಲೇ ಹೆಣವಾಗಿ ಕೂತರೆ ಆಯಸ್ಸು ಕಮ್ಮಿಯಾಗುತ್ತದೆ ಅಂತ ಚಿಕ್ಕಮ್ಮ ಅಡಿಗೆಮನೆಯಿಂದ ಈಚೆಗೇ ಬರಲಿಲ್ಲ. ಕೊನೆಗೆ ಮಾವ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ, ಮುಖ ಬರದ ಹಾಗೆ ನೋಡಿಟ್ಟು, ಚಿಕ್ಕಮ್ಮನ ಹಸಿರು ಸೀರೆಯನ್ನು ಪ್ಯಾಂಟಿನ ಮೇಲೇ ಸುತ್ತಿಕೊಂಡು, ಸೆರಗನ್ನು ತಲೆಗೆ ಮುಸುಕು ಹಾಕಿಕೊಂಡು ಗೋಡೆಗೆ ಒರಗಿ ಕೂತರು. ಕೈಯ ಕೂದಲು ಮುಚ್ಚಲಿ ಅಂತ ಮೊಣಕೈವರೆಗೆ ವಿಭೂತಿ ಬಳಿದೆ. ಹ್ಯಾಲೋಜನ್ ಲೈಟು ಹಾಕಿದೆವು. ಹುಡುಗಿ ಬಂದಳು, ಮುಸುಕಿನೊಳಗಿನ ಮೀಸೆ ನೋಡಿದಳು, ಬಿದ್ದು ಬಿದ್ದು ನಕ್ಕಳು. ಮತ್ತೆ ಮಾಡಿಸಿದರೂ ಅದೇ ಕಥೆ.

"ನೀನೇ ಒಂದ್ಸಲ ಮಾಡ್ ತೋರ್ಸು ಮಗ," ಅಂದರು ಮಾವ, ಕಣ್ಣು ತೆರೆಯದೆ.

ತೋರಿಸೋಣ ಅಂತಲೇ ಕೂತೆ. ಅವರ ಕೈ ಮೇಲೆ ಕೈಯಿಟ್ಟೆ. ಬೆಚ್ಚಗಿತ್ತು. ತಲೆಯೆತ್ತಿ ನೋಡಿದರೆ, ಕ್ಯಾಮೆರಾಕ್ಕೆ ಕಾಣದ ಆ ಮುಖವನ್ನು ಮಾವ ಎಡಕ್ಕೆ ವಾಲಿಸಿಕೊಂಡು ಕೂತಿದ್ದರು. ನನಗೊಬ್ಬಳಿಗಾಗಿ... ಅಮ್ಮಾ ಅಂದೆ. ಆಮೇಲೆ ಅಷ್ಟು ವರ್ಷದ ಅಳು ಒಟ್ಟಿಗೆ ಬಂತು. ಮಾವ ಮಿಸುಕಲಿಲ್ಲ. ಸತ್ತವರು ಹೇಗೆ ಕೂತಿರುತ್ತಾರೋ ಹಾಗೇ, ನಾನು ಅತ್ತು ಮುಗಿಸುವವರೆಗೂ ಕೂತಿದ್ದರು. ನಗುತ್ತಿದ್ದ ಮಗು ಸುಮ್ಮನಾಗಿ, ಹತ್ತಿರ ಬಂದು ತನ್ನ ಕೈಯನ್ನು ನನ್ನ ಕೈ ಮೇಲಿಟ್ಟಿತು. ಕ್ಯಾಮೆರಾ ಓಡುತ್ತಲೇ ಇತ್ತು. ಚಿತ್ರದಲ್ಲಿ ಉಳಿದದ್ದು ಅದೇ.

ಮಾವ ಮೊದಲ ಸಲ ಎಡಿಟ್ ಮಾಡಿ ತಂದಾಗ ಆ ಮೂರು ಕೈಗಳ ಸುತ್ತ ಗುಲಾಬಿ ಹೂ ಅರಳುತ್ತಿದ್ದವು. ಮದುವೆ ಕ್ಯಾಸೆಟ್ಟಿಗೆ ಹಾಕುವ ಹೂವು. ಬೇಡ ಅಂದದ್ದಕ್ಕೆ, ಖಾಲಿ ಖಾಲಿ ಕಾಣಲ್ವಾ ಅಂತ ಬೇಜಾರಿನಿಂದಲೇ ತೆಗೆದರು. ಕಾಲೇಜಿನಲ್ಲಿ ಬಹುಮಾನ ಬರಲಿಲ್ಲ. ಮಾವ ಸೀರೆ ಉಟ್ಟು ಹೆಣವಾಗಿ ಕೂತದ್ದು ಗೊತ್ತಾಗಿ, ಅವರ ಹೆಂಡತಿ ತಣ್ಣೀರು ಸುರಿದು ಸ್ನಾನ ಮಾಡಿಸಿದ ಮೇಲೆಯೇ ಒಳಗೆ ಬಿಟ್ಟರಂತೆ.

ಮನೆಯ ಟಿವಿಯಲ್ಲಿ ಹಾಕಿದಾಗ ಅಪ್ಪ ಹಿಂದೆ ನಿಂತು ನೋಡಿದರು. ಮುಗಿದ ಮೇಲೂ ಹೋಗಲಿಲ್ಲ. ಚಿತ್ರ ತೆಗೆದ ದಿನ ಮಾವ ಹೇಗೆ ತಲೆ ವಾಲಿಸಿಕೊಂಡು ಕೂತಿದ್ದರು ಅಂತ ತೋರಿಸಿದೆ.

"ಹಂಗೇ ಇತ್ತು ಕಣವ್ವ," ಅಂದರು ಅಪ್ಪ. "ನಿನ್ನೇ ಕೇಳುಸ್ಕೊತಿದ್ಲೇನೋ."

ಸ್ಟುಡಿಯೊ ಮಾವ ಹೋದ ವರ್ಷ ತೀರಿಕೊಂಡರು. ನಾನು ಹೋಗುವ ಹೊತ್ತಿಗೆ ಕೂರಿಸಿಯಾಗಿತ್ತು. ಮೀಸೆ ಬೆಳ್ಳಗಾಗಿತ್ತು. ಬಾಗಿಲಲ್ಲಿ ಪಕ್ಕದ ಮನೆಯವರೊಬ್ಬರು ಮಾವನ ಮೊಮ್ಮಗಳ ಕೈಗೆ ಚಿಪ್ಸಿನ ಪೊಟ್ಟಣ ಕೊಟ್ಟು, ನಮ್ಮನೆಗೆ ಹೋಗೋಣ ಬಾ ಅಂತ ಕರೆಯುತ್ತಿದ್ದರು. ಅಜ್ಜನನ್ನು ನೋಡುತ್ತೀಯಾ ಅಂತ ಮಗುವನ್ನೇ ಕೇಳಿದೆ. ಅವಳು ಅಮ್ಮನ ಮುಖ ನೋಡಿದಳು. ಅವಳಮ್ಮ ಅಳುತ್ತಲೇ ಹೂಂ ಅಂತ ತಲೆಯಾಡಿಸಿದರು. ಕರೆದುಕೊಂಡು ಹೋದೆ. ವಿಭೂತಿ ಹಚ್ಚಿದ ಆ ಕೈಯನ್ನು ಅವಳು ಒಂದು ಬೆರಳಿನಿಂದ ಮುಟ್ಟಿದಳು.

"ತಣ್ಣಗೈತೆ," ಅಂದಳು ಮೆಲ್ಲಗೆ.

ಹೂಂ ಅಂದೆ. ನಾನೂ ಮುಟ್ಟಿದೆ. ಹೌದು, ತಣ್ಣಗಿತ್ತು.

ಕಳೆದ ತಿಂಗಳ ಆ ಮದುವೆ ಮನೆಯಲ್ಲಿ ಕರೆಂಟು ಬಂತು. ಹ್ಯಾಲೋಜನ್ ಲೈಟು ಆರಿಸಿ ಮೂಲೆಗಿಟ್ಟರು. ವಿಡಿಯೊದವನು ನನ್ನ ಎದುರಿಗೆ ಬಂದು, ಅಕ್ಕಾ ಸ್ವಲ್ಪ ಸ್ಮೈಲ್ ಕೊಡಿ ಅಂದ. ನಗಲು ನೋಡಿದೆ, ಕಣ್ಣು ತುಂಬಿಕೊಂಡಿತು. ಅವನು ತೆಗೆಯುತ್ತಲೇ ಇದ್ದ. ಮಾವ ಆಗಿದ್ದರೆ ಕ್ಯಾಮೆರಾ ಕೆಳಗಿಳಿಸುತ್ತಿದ್ದರು.