ಒಂಬತ್ತನೇ ಮಹಡಿಯ ಕೆಂಡ

ಫೈರ್ ಅಲಾರಂ ರಿಪೇರಿ ನನ್ನ ಕೆಲಸ. ಕಲ್ಯಾಣ ನಗರದ ಫ್ಲ್ಯಾಟೊಂದರಲ್ಲಿ ಪ್ರತಿ ಭಾನುವಾರ ಅಲಾರಂ ಸುಮ್ಮಸುಮ್ಮನೆ ಬಡ್ಕೊಳ್ಳುತ್ತೆ ಅಂತ ಕಳಿಸಿದ್ದರು. ಹೋಗಿ ನೋಡಿದರೆ, ಬೀದಿ ತುಂಬಾ ಕಬಾಬು ಸುಡೋ ಪುಲಿಕೇಶಿನಗರ ಬಿಟ್ಟು ಅಲ್ಲಿಗೆ ಬಂದಿದ್ದ ಆಂಟಿಯೊಬ್ಬರು ಬಾಲ್ಕನಿಯಲ್ಲಿ ಪುಟ್ಟ ಇದ್ದಿಲ ಗ್ರಿಲ್ ಮುಂದೆ ಬೀಸಣಿಗೆ ಹಿಡಿದು ಕೂತಿದ್ದರು. ಅದರ ಮೇಲೆ ನಾಲ್ಕೇ ತುಂಡು ಕಬಾಬು.

"ಕರೆಂಟಿಂದು ತಗೊಳ್ಳಿ ಆಂಟಿ, ಹೊಗೆನೇ ಬರಲ್ಲ" ಅಂದೆ.

"ಅದೂ ಇದೆ ಬೇಟಾ. ಅದ್ರಲ್ಲಿ ಮಾಂಸ ಬೇಯುತ್ತೆ, ನಮ್ಮ ಬೀದಿ ವಾಸನೆ ಬರಲ್ಲ."

ನನಗೆ ಅವ್ವ ಕೆಂಡದಲ್ಲಿ ಸುಡುತ್ತಿದ್ದ ಒಣಮೀನು ನೆನಪಾಯ್ತು. ಈಗಿನ ಬಾಡಿಗೆ ಮನೇಲಿ ಸುಟ್ಟರೆ ಓನರ್ ಖಾಲಿ ಮಾಡಿಸ್ತಾರೆ.

ಇಲ್ಲಿ ಹಚ್ಚಬಾರದು ಅಂತ ಹೇಳೋದು ನನ್ನ ಡ್ಯೂಟಿ, ಹೇಳಿದೆ. ಅವರು ತಲೆಯಾಡಿಸಿ ನನಗೂ ಒಂದು ತುಂಡು ಕೊಟ್ಟರು.

ರಿಪೋರ್ಟಲ್ಲಿ 'ಅಲಾರಂ ಸರಿಯಾಗಿದೆ' ಅಂತ ಬರೆದೆ. ಸುಳ್ಳೇನಲ್ಲ. ಅವತ್ತು ಹಾಕಿದ್ದ, ಹೊಗೆ ಹತ್ತಿದ್ದ ಅಂಗಿಯನ್ನು ಮಾತ್ರ ಎರಡು ದಿನ ಒಗೆಯೋಕೆ ಹಾಕಲಿಲ್ಲ.