ನರ್ಸಮ್ಮನ ಪ್ರೊಜೆಕ್ಟರ್

ಹೋದ ತಿಂಗಳು ಧನಗೆರೆಯವರೊಬ್ಬರು ಹಳೆಯ ಪ್ರೊಜೆಕ್ಟರ್ ಒಂದನ್ನು ಟವೆಲ್‌ನಲ್ಲಿ ಸುತ್ತಿ ತಂದು ಕೊಳ್ಳೇಗಾಲದ ನನ್ನ ಅಂಗಡಿಯ ಮೇಜಿನ ಮೇಲಿಟ್ಟರು. ಆನ್ ಆಗುತ್ತಿಲ್ಲ, ನೋಡಿ ಅಂದರು. ಇಂಥವನ್ನು ಈಗ ಯಾರೂ ರಿಪೇರಿಗೆ ತರುವುದಿಲ್ಲ. ಬಿಚ್ಚುವ ಉತ್ಸಾಹ ನನಗೂ ಉಳಿದಿಲ್ಲ. ಆದರೂ ಮುಚ್ಚಳ ತೆಗೆದೆ. ಕಾದು ಕಾದು ಕಂದಿದ ಧೂಳಿನ ವಾಸನೆ, ಅದರ ಜೊತೆಗೆ ಸುಟ್ಟ ರೆಸಿಸ್ಟರಿನ ಘಾಟು. ಸ್ಕ್ರೂಡ್ರೈವರ್ ಕೆಳಗಿಟ್ಟು ಸುಮ್ಮನೆ ಕುಳಿತುಬಿಟ್ಟೆ. ಯಳಂದೂರಿನ ಆ ನಡುಮನೆ, ಕಿಟಕಿಗೆ ಇಳಿಬಿಟ್ಟ ಕಂಬಳಿ, ನರ್ಸಮ್ಮ…

ಅವರಿಗೂ ಒಂದು ಹೆಸರಿತ್ತು. ಆ ಹೆಸರಿನಿಂದ ಯಾರಾದರೂ ಕರೆದದ್ದನ್ನು ನಾನು ಕೇಳಿಲ್ಲ. ಹೂಗ್ಯಂ ಸುತ್ತಿನ ಹಳ್ಳಿಗಳಲ್ಲಿ ಹೆರಿಗೆಗೆ, ಚುಚ್ಚುಮದ್ದಿಗೆ, ಮಕ್ಕಳ ಜ್ವರಕ್ಕೆ ಎಲ್ಲಕ್ಕೂ ಅವರೇ ಇದ್ದರು. ನಾನು ಹುಟ್ಟಿದ್ದು ಅವರ ಕೈಯಲ್ಲೇ. ಪೋಲಿಯೋ ಹನಿ ನಮ್ಮ ಕಾಡಂಚಿಗೆ ಬರುವುದಕ್ಕೆ ಮೊದಲೇ ನನ್ನ ಬಲಗಾಲು ಸೋತುಹೋಗಿತ್ತು. ಹತ್ತನೇ ತರಗತಿ ಆದಮೇಲೆ ಮನೆಯಲ್ಲಿ ಕುಳಿತಿದ್ದವಳನ್ನು ಮೈಸೂರಿನ ರೇಡಿಯೋ ರಿಪೇರಿ ತರಬೇತಿಗೆ ಸೇರಿಸಿದವರು ಅವರೇ. ಅರ್ಜಿ ತಾವೇ ತುಂಬಿದರು, ಅಪ್ಪನ ಹೆಬ್ಬೆಟ್ಟು ತಾವೇ ಒತ್ತಿಸಿಕೊಂಡರು, ಬಸ್ಸಿನಲ್ಲಿ ಕಿಟಕಿಯ ಪಕ್ಕ ನನ್ನನ್ನು ಕೂರಿಸಿಕೊಂಡು ತಾವೇ ಕರೆದೊಯ್ದರು. ಎಂಬತ್ತರ ದಶಕದ ನಡುವಿನ ಮಾತು. ಹೆಣ್ಣುಮಗಳೊಬ್ಬಳು ರೇಡಿಯೋ ಬಿಚ್ಚುವುದನ್ನು ನೋಡಲೆಂದೇ ಆಗ ಜನ ಬಂದು ನಿಲ್ಲುತ್ತಿದ್ದರು.

ನರ್ಸಮ್ಮನಿಗೆ ಸಿನಿಮಾ ಎಂದರೆ ಪ್ರಾಣ. ಆದರೆ ನೌಕರಿಯಲ್ಲಿದ್ದಷ್ಟು ಕಾಲ ಒಂದನ್ನೂ ಕೊನೆಯವರೆಗೆ ನೋಡಿರಲಿಲ್ಲ. ಹನೂರಿನ ಟೆಂಟಿನಲ್ಲಿ ಕುಳಿತು ಅರ್ಧ ಗಂಟೆಯಾಗುವುದರೊಳಗೆ ಯಾರಾದರೂ ಹುಡುಕಿಕೊಂಡು ಬರುತ್ತಿದ್ದರು. ಹೆಂಗಸರ ಕಡೆ ತಿರುಗಿ ನರ್ಸಮ್ಮ ಇದ್ದಾರಾ ಎಂದು ಕೂಗುತ್ತಿದ್ದರು. ಇವರು ಕತ್ತಲಲ್ಲೇ ಚಪ್ಪಲಿ ತಡಕಿಕೊಂಡು ಎದ್ದುಹೋಗುತ್ತಿದ್ದರು. ಉಳಿದ ಕಥೆಯನ್ನು ಮಾರನೆಯ ದಿನ ಯಾರ ಬಾಯಲ್ಲಾದರೂ ಕೇಳಬೇಕಿತ್ತು.

"ನಾ ನೋಡಿರೋ ಸಿನಿಮಾದಲ್ಲಿ ಯಾರೂ ಸತ್ತಿಲ್ಲ ಕಣವ್ವ," ಎಂದು ಒಮ್ಮೆ ನನ್ನ ಹತ್ತಿರ ಹೇಳಿದ್ದರು. "ಅವ್ರು ಸಾಯೋಕ್ ಮುಂಚೇನೆ ನಾನು ಎದ್ದೋಗಿರ್ತಿದ್ದೆ."

ನಿವೃತ್ತಿಯಾದ ಮೇಲೆ ಯಳಂದೂರಿಗೆ ಬಂದು ತಂಗಿಯ ಜೊತೆ ಇದ್ದರು. ಮೈಸೂರಿನ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ ತಮ್ಮನ ಮಗ, ಅಲ್ಲಿನ ಸಭಾಂಗಣದಲ್ಲಿ ಹಳತಾಯಿತೆಂದು ತೆಗೆದುಹಾಕಿದ ಪ್ರೊಜೆಕ್ಟರ್ ತಂದುಕೊಟ್ಟ. ಎರಡು ಸಾವಿರದ ಒಂದೋ ಎರಡೋ ಇರಬೇಕು. ನಡುಮನೆಯ ಒಂದು ಗೋಡೆಗೆ ಹೊಸದಾಗಿ ಸುಣ್ಣ ಹೊಡೆಸಿದರು. ಭಾನುವಾರ ಮಧ್ಯಾಹ್ನ ಅದಕ್ಕೆ ಸಿ.ಡಿ. ಪ್ಲೇಯರ್ ಜೋಡಿಸಿ ಸಿನಿಮಾ ಹಾಕುತ್ತಿದ್ದರು, ಬೀದಿಯ ಹೆಂಗಸರೆಲ್ಲ ಮಕ್ಕಳನ್ನು ಎತ್ತಿಕೊಂಡು ಬಂದು ಚಾಪೆಯ ಮೇಲೆ ಕೂರುತ್ತಿದ್ದರು. ನರ್ಸಮ್ಮನಿಗೆ ಒಂದು ಬೆತ್ತದ ಕುರ್ಚಿ. ಇನ್ನು ಯಾರೂ ತಮ್ಮನ್ನು ಎಬ್ಬಿಸಲಾರರು ಎಂಬ ನೆಮ್ಮದಿಯಲ್ಲಿ ಕಾಲು ಚಾಚಿ ಕೂರುತ್ತಿದ್ದರು.

ಯಂತ್ರವೇ ಎಬ್ಬಿಸತೊಡಗಿತು. ಹದಿನೈದು ನಿಮಿಷ ಓಡುವುದು, ಟಪ್ಪೆಂದು ಆರುವುದು. ಆಮೇಲೆ ಕೆಂಪು ದೀಪ ಮಿಣುಕುತ್ತ ಕೂರುವುದು. ನನಗೆ ಹೇಳಿಕಳಿಸಿದರು. ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಮೊದಲು ಗೋಡೆಯ ಪ್ಲಗ್ಗಿಗೆ ಮೀಟರ್ ಹಿಡಿದೆ. ಪಂಪ್‌ಸೆಟ್‌ಗಳು ಓಡುವ ಹೊತ್ತು, ನೂರ ಎಪ್ಪತ್ತು ವೋಲ್ಟೂ ಇರಲಿಲ್ಲ. ಸ್ಟೆಬಿಲೈಜರ್ ಹಾಕಿಸಿದೆ. ಆದರೂ ಆರಿತು. ಎರಡನೇ ಸಲ ಹೋದಾಗ ಫ್ಯಾನಿಗೆ ಮೆತ್ತಿಕೊಂಡಿದ್ದ ಧೂಳನ್ನು ಬ್ರಷ್ಷಿನಲ್ಲಿ ಕೆರೆದು ತೆಗೆದೆ. ಗಾಳಿಯಾಡದೆ ಕಾದು ನಿಲ್ಲುತ್ತಿರಬಹುದೆಂದು ಅಂದುಕೊಂಡಿದ್ದೆ. ಹದಿನೈದು ನಿಮಿಷ ಅರ್ಧ ಗಂಟೆಯಾಯಿತು, ಅಷ್ಟೇ. ಮೂರನೇ ಸಲ ಪವರ್ ಬೋರ್ಡನ್ನೇ ಹೊರತೆಗೆದೆ. ಎರಡು ಕೆಪಾಸಿಟರ್‌ಗಳ ತಲೆ ಉಬ್ಬಿತ್ತು. ಬದಲಾಯಿಸಿದೆ. ಆಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ಬೋರ್ಡನ್ನು ಮೆಲ್ಲಗೆ ತಟ್ಟುತ್ತ ಹೋದೆ. ಲ್ಯಾಂಪಿಗೆ ಕರೆಂಟ್ ಹೋಗುವ ಜಾಗದಲ್ಲಿ ಬೆಸುಗೆಯೊಂದು ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಬಿಸಿಯಾದಾಗ ಅಗಲವಾಗುವುದು, ತಣ್ಣಗಾದಾಗ ಕೂಡಿಕೊಳ್ಳುವುದು. ಮತ್ತೆ ಬೆಸೆದೆ.

ಆ ಭಾನುವಾರ ಸಿನಿಮಾ ಪೂರ್ತಿ ಓಡಿತು. ಗೋಡೆ ಬರಿದಾದ ಮೇಲೂ ನರ್ಸಮ್ಮ ಕುರ್ಚಿಯಿಂದ ಏಳಲಿಲ್ಲ.

"ಮುಗೀತಾ?" ಎಂದು ನನ್ನನ್ನು ಕೇಳಿದರು. "ಇನ್ನೇನೂ ಇಲ್ವಾ?"

ಅಷ್ಟಕ್ಕೇ ನಿಂತಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ.

ನಾಲ್ಕೈದು ತಿಂಗಳ ನಂತರ ಮತ್ತೆ ಹೇಳಿಕಳಿಸಿದರು. ಈ ಸಲ ಆರುವುದಿಲ್ಲವಂತೆ, ಆದರೆ ಬೆಳಕು ಡಲ್ಲಂತೆ, ಎಡಗಡೆಯ ಮೂಲೆ ಕಪ್ಪಾಗಿ ಕಾಣುತ್ತದಂತೆ. ಹೋದೆ. ವೋಲ್ಟೇಜ್ ಸರಿಯಿತ್ತು. ಲೆನ್ಸು ಒರೆಸಿದೆ, ಒಳಗಿನ ಕನ್ನಡಿ ಒರೆಸಿದೆ. ಲ್ಯಾಂಪಿಗೆ ವಯಸ್ಸಾಗಿರಬಹುದೆಂದು ಬೆಂಗಳೂರಿನಿಂದ ಹೊಸದು ತರಿಸಿದೆ, ಅದಕ್ಕೆ ಮೂರು ವಾರ ಕಾಯಬೇಕಾಯಿತು. ಹಾಕಿದ ದಿನ ಚೆನ್ನಾಗಿದೆ ಅಂದರು. ಹದಿನೈದು ದಿನಕ್ಕೆ ಮತ್ತೆ ಅದೇ ದೂರು.

ಒಂದು ವಿಷಯ ನಾನು ನೋಡಿದ್ದೆ. ನೋಡಿಯೂ ಅರ್ಥ ಮಾಡಿಕೊಂಡಿರಲಿಲ್ಲ. ಹೋದಾಗಲೆಲ್ಲ ಬೆತ್ತದ ಕುರ್ಚಿ ಗೋಡೆಯಿಂದ ದೂರ ದೂರ ಸರಿದಿರುತ್ತಿತ್ತು. ಮೊದಲು ಚಾಪೆಯ ಪಕ್ಕದಲ್ಲಿದ್ದದ್ದು ಹಿಂದಿನ ಗೋಡೆಗೆ ಒರಗಿತು. ಆಮೇಲೆ ಅಡುಗೆಮನೆಯ ಹೊಸ್ತಿಲ ಆಚೆಗೆ ಹೋಯಿತು. ಯಂತ್ರದ ಫ್ಯಾನಿನ ಸದ್ದು ತಡೆಯಲಾರದೆ ಹಾಗೆ ಕೂರುತ್ತಾರೆ ಅಂದುಕೊಂಡೆ. ಹತ್ತಿರದಿಂದ ಅಷ್ಟಗಲದ ಚಿತ್ರ ಅವರ ಕಣ್ಣಲ್ಲಿ ಹಿಡಿಯುತ್ತಿರಲಿಲ್ಲ, ದೂರ ಹೋದಷ್ಟೂ ಚಿತ್ರ ಚಿಕ್ಕದಾಗಿ ಕಣ್ಣೊಳಗೆ ಕೂರುತ್ತಿತ್ತು ಎಂಬುದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಆ ವರ್ಷ ದೀಪಾವಳಿಯ ಹಿಂದಿನ ಭಾನುವಾರ. ಸಿನಿಮಾ ಓಡುತ್ತಿತ್ತು. ನೀನೇ ಇಲ್ಲಿ ಕೂತು ನೋಡು ಎಂದು ತಮ್ಮ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ಪಕ್ಕದಲ್ಲಿ ನಿಂತರು.

"ಎಡಗಡೆ ನೋಡು ಮಗ. ಕತ್ಲೆ ಅದೆ, ಅಲ್ವಾ?"

ನೋಡಿದೆ. ಎಡಗಡೆಯಲ್ಲಿ ಒಬ್ಬಳು ಹೆಂಗಸು ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲಿಗೆ ಒರಗಿ ನಿಂತಿದ್ದಳು. ಅವಳ ಸೀರೆಯ ಅಂಚಿನ ಹೂವು ಸಹ ಕಾಣುತ್ತಿತ್ತು. ಚಾಪೆಯ ಮೇಲೆ ಕುಳಿತಿದ್ದ ಹೆಂಗಸರೆಲ್ಲ ಅವಳನ್ನೇ ನೋಡುತ್ತಿದ್ದರು. ತಲೆಯೆತ್ತಿ ನರ್ಸಮ್ಮನ ಮುಖ ನೋಡಿದೆ. ಹೌದೆನ್ನು ಎಂದು ಆ ಮುಖ ಕೇಳುತ್ತಿತ್ತು.

"ಹೂಂ, ಸ್ವಲ್ಪ ಡಲ್ ಅದೆ," ಅಂದೆ.

ಅದೊಂದು ಮಾತು ಆಡಿದ ಮೇಲೆ ಹಿಂದೆ ಬರಲು ದಾರಿ ಸಿಗಲಿಲ್ಲ. ಅವರು ಕರೆಸುವುದು, ನಾನು ಹೋಗುವುದು, ಸರಿಯಾಗಿರುವ ಯಂತ್ರದ ಸ್ಕ್ರೂ ಬಿಚ್ಚಿ ಮತ್ತೆ ಬಿಗಿಯುವುದು. ಈಗ ಪರವಾಗಿಲ್ಲ ಕಣವ್ವ ಎಂದು ಅವರು ಹೇಳುವುದು. ಕಾಫಿ ಬಗ್ಗಿಸುವಾಗ ಪಕ್ಕದಲ್ಲಿಟ್ಟ ಇನ್ನೊಂದು ಲೋಟವನ್ನು ಅವರ ಮೊಣಕೈ ತಳ್ಳಿ ಉರುಳಿಸುತ್ತಿತ್ತು. ನಾನು ಸದ್ದಿಲ್ಲದೆ ಒರೆಸುತ್ತಿದ್ದೆ. ಪ್ರತಿ ಸಲ ಬಸ್ಸಿನಲ್ಲಿ ಹೋಗುವಾಗ ಇವತ್ತು ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ. ಹೇಳದೆ ವಾಪಸು ಬರುತ್ತಿದ್ದೆ. ಅಷ್ಟು ದಣಿವು ನನಗೆ ಯಾವ ನಿಜವಾದ ರಿಪೇರಿಯಲ್ಲೂ ಆಗಿಲ್ಲ.

ಮಾರನೆಯ ವರ್ಷ ದೀಪಾವಳಿ ಕಳೆದ ಮೇಲೆ ಅವರ ತಂಗಿ ಒಬ್ಬರೇ ಅಂಗಡಿಗೆ ಬಂದರು. ಹಿಂದಿನ ಭಾನುವಾರ ಪ್ರೊಜೆಕ್ಟರ್ ಆರಿಸಲು ಎದ್ದ ನರ್ಸಮ್ಮ, ಚಾಪೆಯ ಮೇಲೆ ಅಂಬೆಗಾಲಿಡುತ್ತಿದ್ದ ಕೂಸಿನ ಕೈಯನ್ನು ತುಳಿದುಬಿಟ್ಟಿದ್ದರಂತೆ. ಮೂಳೆಗೆ ಏನೂ ಆಗಿರಲಿಲ್ಲ, ಊತ ಮಾತ್ರ. ಆದರೆ ಅವತ್ತಿನಿಂದ ಅಕ್ಕ ಸರಿಯಾಗಿ ಊಟ ಮಾಡುತ್ತಿಲ್ಲ, ಆ ಮಿಷಿನ್ನಿನ ಬೆಳಕು ಸಾಲದ್ದಕ್ಕೇ ಹೀಗಾಯಿತು ಎಂದು ಒಂದೇ ಸಮನೆ ಹೇಳುತ್ತಿದ್ದಾರೆ ಅಂದರು.

ಅಂಗಡಿಗೆ ಬೀಗ ಹಾಕಿ ಅವರ ಜೊತೆಗೇ ಹೊರಟೆ. ಚೀಲ ತೆಗೆದುಕೊಳ್ಳಲಿಲ್ಲ.

ನರ್ಸಮ್ಮ ಜಗಲಿಯ ಮೇಲೆ ಕುಳಿತಿದ್ದರು. ನಾನು ಕೆಳಗಿನ ಮೆಟ್ಟಿಲ ಮೇಲೆ ಕುಳಿತೆ.

"ನರ್ಸಮ್ಮಾರೇ, ಮಿಷಿನ್ ಸರ್ಯಾಗೇ ಅದೆ. ಏನೂ ಕೆಟ್ಟಿಲ್ಲ."

ಕಬ್ಬು ಹೇರಿಕೊಂಡು ಕುಂತೂರಿನ ಸಕ್ಕರೆ ಕಾರ್ಖಾನೆಯ ಕಡೆ ಹೋಗುವ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಹಾದುಹೋದವು.

"ಯಾವತ್ತಿಂದ ಗೊತ್ತು ನಿಂಗೆ?"

"ಓದ್ವರ್ಸ ದೀಪಾವಳಿಯಿಂದ."

ಅವರು ಬಯ್ಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೇನೋ. ಎದ್ದು ಒಳಗೆ ಹೋಗಿ ಸೀರೆ ಬದಲಾಯಿಸಿಕೊಂಡು ಬಂದರು. ಮೈಸೂರಿಗೆ ಈಗ ಬಸ್ಸು ಇದೆಯಾ ಎಂದು ತಂಗಿಯನ್ನು ಕೇಳಿದರು.

ಕಣ್ಣಿನ ಡಾಕ್ಟರು ಬಹಳ ಹೊತ್ತು ನೋಡಿದರು. ಕಣ್ಣಿನೊಳಗೆ ಒತ್ತಡ ಏರಿ ನರ ಸತ್ತುಹೋಗುತ್ತ ಬಂದಿದೆ, ಅಂಚಿನಿಂದ ಶುರುವಾಗಿ ನಡುವಿನವರೆಗೆ ಬರುತ್ತದೆ, ನೋವಿಲ್ಲದ್ದರಿಂದ ತಿಳಿಯುವುದಿಲ್ಲ ಅಂದರು. ಹೋದದ್ದು ಮರಳಿ ಬರುವುದಿಲ್ಲ, ಇರುವುದನ್ನು ಔಷಧಿ ಹಾಕಿ ಕಾಪಾಡಿಕೊಳ್ಳಬೇಕು. ಎಡಗಣ್ಣಿನಲ್ಲಿ ಕಾಪಾಡಲು ಹೆಚ್ಚೇನೂ ಉಳಿದಿಲ್ಲ. ಒಂದು ವರ್ಷ ಮೊದಲು ಬಂದಿದ್ದರೆ… ಎಂದವರು, ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಅಳುತ್ತಿದ್ದೆ. ನರ್ಸಮ್ಮ ಕಿಟಕಿಯ ಹೊರಗೆ ಮುಖ ಮಾಡಿ ಕುಳಿತಿದ್ದರು. ಟಿ. ನರಸೀಪುರ ದಾಟಿದ ಮೇಲೆ ನನ್ನ ಕಡೆ ತಿರುಗಿದರು.

"ನಿನ್ ಕಾಲು ಬರಾಕಿಲ್ಲ ಅಂತ ನಿಮ್ಮಪ್ಪಂಗೆ ಅವತ್ತೇ ಏಳ್ದೆ ನಾನು. ಎಲ್ರೂ ನೋಡಾನ, ನೋಡಾನ ಅಂತಿದ್ರು. ನಿಮ್ಮಪ್ಪ ಮೂರ್ ತಿಂಗ್ಳು ನನ್ ಮಾತಾಡಿಸ್ನಿಲ್ಲ." ಸೆರಗು ಸರಿಮಾಡಿಕೊಂಡು, "ನಂಗೂ ಅನುಮಾನ ಇತ್ತು ಕಣವ್ವ. ನರ್ಸು ಅಲ್ವಾ ನಾನು. ನೀನು ಮಿಷಿನ್ ಕೆಟ್ಟದೆ ಅನ್ನೋ ತಂಕ, ನನ್ ಕಣ್ಣು ಸರ್ಯಾಗದೆ ಅಂದ್ಕಬೋದಿತ್ತು," ಅಂದರು.

ಅದು ಕ್ಷಮೆಯೋ ಆಪಾದನೆಯೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆಮೇಲೆಯೂ ಭಾನುವಾರದ ಸಿನಿಮಾ ನಿಲ್ಲಲಿಲ್ಲ. ತಂಗಿ ಪಕ್ಕದಲ್ಲಿ ಕುಳಿತು ಯಾರು ಬಂದರು, ಯಾರು ಹೋದರು ಎಂದು ಮೆಲ್ಲಗೆ ಹೇಳುತ್ತಿದ್ದರು. ನಾನೂ ಕೆಲವು ಸಲ ಹೇಳಿದ್ದೇನೆ. ಯಾರಾದರೂ ಅಳುತ್ತಿದ್ದರೆ ಅದನ್ನು ಹೇಳುವುದು ಬೇಡ, ದನಿಯಲ್ಲೇ ತಿಳಿಯುತ್ತದೆ ಎನ್ನುತ್ತಿದ್ದರು. ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಬಲಗಣ್ಣೂ ಮಂಕಾಯಿತು. ಆ ವರ್ಷವೇ ಒಂದು ವಾರದ ಜ್ವರದಲ್ಲಿ ಹೋಗಿಬಿಟ್ಟರು. ಹೂಗ್ಯಂ ಕಡೆಯಿಂದ ಎರಡು ಲಾರಿ ತುಂಬ ಜನ ಬಂದಿದ್ದರು. ಅವರಲ್ಲಿ ಅರ್ಧದಷ್ಟು ಜನ ಅವರ ಕೈಯಲ್ಲೇ ಹುಟ್ಟಿದವರು.

ಈಗ ನನಗೂ ವಯಸ್ಸಾಯಿತು. ಸಣ್ಣ ಬೆಸುಗೆ ಕಾಣದೆ ಹೋದ ವಾರ ಕಣ್ಣು ತೋರಿಸಲು ಮೈಸೂರಿಗೆ ಹೋಗಿದ್ದೆ. ಚಿಕ್ಕ ವಯಸ್ಸಿನ ಡಾಕ್ಟರಮ್ಮ, ಕಾಗದದ ಮೇಲೆ ಬರೆದುಕೊಳ್ಳುತ್ತ, ಒತ್ತಡದ ಕಾಯಿಲೆಯಿಂದ ನಿಮ್ಮ ಕುಟುಂಬದಲ್ಲಿ ಯಾರಿಗಾದರೂ ಕಣ್ಣು ಹೋಗಿತ್ತಾ ಎಂದು ಕೇಳಿದರು. ಹೌದು ಅನ್ನಲು ಬಾಯಿ ತೆರೆದೆ. ಅಮ್ಮನೋ ಅಜ್ಜಿಯೋ ಎಂದು ಬರೆದುಕೊಳ್ಳಲು ಅವರು ಪೆನ್ನು ಹಿಡಿದು ಕಾಯುತ್ತಿದ್ದರು.

ಇಲ್ಲ ಅಂದೆ. ಅವರು ಹಾಗೆಯೇ ಬರೆದುಕೊಂಡರು.